ಮೊದಲು ಹೆಡ್‌ಫೋನ್, ಆಮೇಲೆ ಪ್ಲೇಯರ್

ನಮಸ್ಕಾರ. ಹಾಡು ಕೇಳೋಕೆ ಫೋನ್ ಇದೆಯಲ್ಲ, ಅದಕ್ಕಂತ ಮ್ಯೂಸಿಕ್ ಪ್ಲೇಯರ್ ಅನ್ನೋ ಇನ್ನೊಂದು ಡಬ್ಬಿ ಯಾಕೆ ಅನ್ನುವವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ಸರಿ, ನಿಮಗೆ ಬೇಡ. ಪಲ್ಲವಿ ಮುಗಿದು ಚರಣ ಶುರುವಾಗುವಷ್ಟರಲ್ಲಿ ಯಾರದೋ ಕರೆ ಬಂದು, ಮೆಸೇಜು ಟಿಂಗ್ ಅಂದು, ರೋಸಿಹೋಗಿರುವವರ ಜೊತೆ ನನ್ನ ಇವತ್ತಿನ ಮಾತು.

ಹೇಳೋದು ಒಂದೇ. ಮೊದಲು ಹೆಡ್‌ಫೋನ್ ಆರಿಸಿ, ಆಮೇಲೆ ಪ್ಲೇಯರ್. ಎಲ್ಲರೂ ತಿರುಗಾ ಮುರುಗಾ ಮಾಡುತ್ತಾರೆ. ಇರುವ ದುಡ್ಡೆಲ್ಲ ಪ್ಲೇಯರಿಗೆ ಸುರಿದು, ಅದರ ಜೊತೆ ಪುಕ್ಕಟೆ ಬಂದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ!

1998ರಲ್ಲಿ ಮೊದಮೊದಲ ಎಂಪಿ3 ಪ್ಲೇಯರ್‌ಗಳು ಬಂದಾಗ ಅವುಗಳಲ್ಲಿ 32 ಎಂಬಿ ಜಾಗ ಇರುತ್ತಿತ್ತು. ಅಂದರೆ ಸುಮಾರು ಅರ್ಧ ಗಂಟೆಯ ಹಾಡು. ಇನ್ನೂ ಜಾಸ್ತಿ ತುಂಬಬೇಕು ಅಂದರೆ ಹಾಡನ್ನು ಹಿಂಡಿ ಹಿಪ್ಪೆ ಮಾಡಬೇಕಿತ್ತು. 2001ರಲ್ಲಿ ಐಪಾಡ್ ಬಂದಾಗ 5 ಜಿಬಿ ಆಯಿತು. ಆ ಕಾಲದಲ್ಲಿ ಪ್ಲೇಯರ್ ಪ್ಲೇಯರಿಗೂ ಅಜಗಜಾಂತರ ಇತ್ತು, ಅಳೆದು ತೂಗಿ ಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಫೈಲಿನ ಅಂಕಿಗಳನ್ನು ಶುದ್ಧವಾದ ವಿದ್ಯುತ್ ಅಲೆಯಾಗಿ ಮಾಡೋದು ಇವತ್ತಿನ ಒಂದು ಸಣ್ಣ ಚಿಪ್ಪಿಗೆ ಸಲೀಸು. ಕಷ್ಟ ಇರೋದು ಆ ವಿದ್ಯುತ್ತನ್ನು ಗಾಳಿಯ ಕಂಪನ ಮಾಡುವುದರಲ್ಲಿ. ಅದು ಹೆಡ್‌ಫೋನಿನೊಳಗಿನ ತೆಳು ಪೊರೆಯ ಕೆಲಸ, ಹಾಡು ಕೆಡೋದೂ ಅಲ್ಲೇ.

ನಮ್ಮ ಭಾವನ ಕಥೆ ಹೇಳಲೇಬೇಕು. ಡಬ್ಬದ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಪ್ಲೇಯರ್ ತಂದರು. "ಪಿಟೀಲಿನ ಕಮಾನು ತಂತಿಗೆ ಉಜ್ಜೋದೂ ಕೇಳ್ತದೆ ಕಣೋ, ನಿನ್ನ ಹಳೇದನ್ನ ಎಸಿ" ಅಂದರು. ಎಸೆಯುತ್ತೇನೆ ಭಾವ, ಅದಕ್ಕೆ ಮುಂಚೆ ಒಂದು ಆಟ ಆಡೋಣ ಅಂದೆ. ಎರಡರಲ್ಲೂ ಒಂದೇ ಹಾಡಿನ ಒಂದೇ ಫೈಲ್ ಹಾಕಿದೆ. ಒಂದೇ ಹೆಡ್‌ಫೋನ್. ಒಂದೇ ಸಮನೆ 'ಕುಂಯ್' ಅನ್ನುವ ಪರೀಕ್ಷೆಯ ದನಿ ಹಾಕಿ, ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು, ಎರಡರ ವಾಲ್ಯೂಮನ್ನೂ ಸಮ ಮಾಡಿದೆ. ಇದನ್ನು ಯಾರೂ ಮಾಡೋದಿಲ್ಲ ನೋಡಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ನಮಗೆ ಅದು ಜೋರು ಅಂತ ಅನಿಸೋದೇ ಇಲ್ಲ, 'ಚೆನ್ನಾಗಿದೆ' ಅನಿಸುತ್ತದೆ. ಸಮ ಮಾಡುವಾಗಲೇ ಗೊತ್ತಾಯಿತು, ಭಾವನ ಪ್ಲೇಯರ್ ಮೊದಲಿಂದಲೂ ಒಂಚೂರು ಜೋರಾಗಿಯೇ ಹಾಡುತ್ತಿತ್ತು.

ಆಮೇಲೆ ಅವರನ್ನು ಗೋಡೆ ಕಡೆ ತಿರುಗಿಸಿ ಕೂರಿಸಿದೆ. ಇದು ಹೊಸದು, ಇದು ಹಳೇದು ಅಂತ ಹೇಳುತ್ತಾ ಹೋದರು. ಸರಿ ಎಷ್ಟೋ ತಪ್ಪೂ ಅಷ್ಟೇ. ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಭಾವನಿಗೆ ಸಿಟ್ಟು. "ತಂತಿ ಸರಿಯಾಗಿ ಚುಚ್ಚಿಲ್ಲ ನೀನು" ಅಂದರು. ಬಿಚ್ಚಿ ಮತ್ತೆ ಚುಚ್ಚಿದೆ. ಅದೇ ಕಥೆ. ಕೊನೆಗೆ ಹಳೇ ಪ್ಲೇಯರನ್ನೇ ಇಟ್ಟು, ಸದ್ದಿಲ್ಲದೆ ಬೇರೆ ಹೆಡ್‌ಫೋನ್ ಕೊಟ್ಟೆ. ಹಾಡು ಶುರುವಾಗುತ್ತಿದ್ದ ಹಾಗೇ "ಇದು! ಇದೇ ಹೊಸದು!" ಅಂದರಲ್ಲ! ಇನ್ನೇನು ಹೇಳಲಿ ನಾನು?

ಆ 192 ಅನ್ನುವ ಅಂಕಿಗೆ ಮರುಳಾಗಬೇಡಿ. ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದು ಅಂಕಿ ಮಾಡಿದ್ದಾರೆ ಅನ್ನೋ ಲೆಕ್ಕ ಅದು, ಅದರ ಅರ್ಧದಷ್ಟು ಹರ್ಟ್ಸ್‌ವರೆಗಿನ ದನಿ ಫೈಲಿನಲ್ಲಿ ಕೂರುತ್ತದೆ. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲೇ 22 ಸಾವಿರ ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ 22 ಸಾವಿರ ಸಲ ಕಂಪಿಸುವವರೆಗಿನ ದನಿ ಕೂರುತ್ತದೆ. ಮನುಷ್ಯನ ಕಿವಿ ಎಳೆತನದಲ್ಲೂ 20 ಸಾವಿರಕ್ಕೆ ನಿಲ್ಲುತ್ತದೆ, ವಯಸ್ಸಾದ ಹಾಗೆ ಇನ್ನೂ ಕೆಳಗಿಳಿಯುತ್ತದೆ. ಉಳಿದದ್ದು ಯಾರಿಗೆ ಕೇಳಬೇಕು, ಬಾವಲಿಗಳಿಗಾ?

ಮೊದಲು ಹೆಡ್‌ಫೋನ್ ಅನ್ನೋಕೆ ಇನ್ನೊಂದು ಕಾರಣ. ಸಾಮಾನ್ಯ ಇಯರ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ 16 ಅಥವಾ 32 ಓಮ್ ಇರುತ್ತದೆ, ಯಾವ ಪ್ಲೇಯರಾದರೂ ನಡೆಯುತ್ತದೆ. 300 ಓಮಿನ ದೊಡ್ಡ ಹೆಡ್‌ಫೋನ್ ನಿಮ್ಮದಾದರೆ ಮಾತ್ರ ಕಸುವಿರುವ ಪ್ಲೇಯರ್ ಬೇಕು. ಇನ್ನು ಬ್ಲೂಟೂತ್ ಹೆಡ್‌ಫೋನ್ ಆದರೆ ದನಿ ತಯಾರಾಗೋದೇ ಹೆಡ್‌ಫೋನಿನ ಒಳಗಿನ ಚಿಪ್ಪಿನಲ್ಲಿ. ಪ್ಲೇಯರಿನ ದುಬಾರಿ ಚಿಪ್ಪು ಸುಮ್ನೆ ಕೂತಿರುತ್ತದೆ. ಈಗ ಹೇಳಿ, ಮೊದಲು ಯಾವುದನ್ನು ಆರಿಸಬೇಕು?

ಸ್ಟುಡಿಯೋದ ಗಾಜಿನಾಚೆಯಿಂದ ಬೇಗ ಮುಗಿಸಿ ಅಂತ ಕೈ ಮಾಡುತ್ತಿದ್ದಾರೆ. ಉಳಿದದ್ದು ಗಬಗಬ ಹೇಳಿಬಿಡುತ್ತೇನೆ. ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇರಲಿ. 64 ಜಿಬಿ ಕಾರ್ಡಿನಲ್ಲಿ ಒಳ್ಳೆ ಗುಣಮಟ್ಟದ, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಮಾಹಿತಿಯ (320 ಕೆಬಿಪಿಎಸ್) ಎಂಪಿ3 ಹಾಡುಗಳು 5 ಸಾವಿರದಷ್ಟು ಹಿಡಿಯುತ್ತವೆ. ಕೆಲವು ಹಳೇ ಮಾದರಿಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ಓದೋದಿಲ್ಲ, ಕೇಳಿ ತಿಳಿದುಕೊಳ್ಳಿ. ಗುಂಡಿಗಳು ಜೇಬಿನೊಳಗೇ ತಡಕಿದರೆ ಸಿಗುವಂತಿರಲಿ. ಬ್ಯಾಟರಿ ವರ್ಷಗಳಲ್ಲಿ ಸೊರಗೇ ಸೊರಗುತ್ತದೆ, ಬದಲಾಯಿಸಿಕೊಡುತ್ತಾರಾ ಅಂತ ಮೊದಲೇ ವಿಚಾರಿಸಿ. ಕೊಳ್ಳೋಕೆ ಹೋಗುವಾಗ ನಿಮ್ಮದೇ ಹೆಡ್‌ಫೋನ್, ನಿಮಗೆ ಬಾಯಿಪಾಠ ಬರುವ ನಾಲ್ಕು ಹಾಡು ಜೊತೆಗಿರಲಿ. ಚುಚ್ಚಿ ಕೇಳೋಕೆ ಬಿಡೋದಿಲ್ಲ ಅಂದರೆ ವಾದ ಮಾಡುತ್ತಾ ನಿಲ್ಲಬೇಡಿ, ಬೇರೆ ಕಡೆ ನೋಡಿ. ನಮಸ್ಕಾರ.