ಟಾಟಾ ಸಿಲ್ಕ್ ಫಾರ್ಮ್‌ನಲ್ಲಿ ಇಳಿದು ಜಮ್‌ಷೆಡ್‌ಜಿಯವರನ್ನು ಹುಡುಕಿದಾಗ

ನಮಸ್ಕಾರ. ಬಸವನಗುಡಿ ದಾಟಿ ಜಯನಗರದ ಕಡೆಗೆ ಹೋಗುವಾಗ ಬೆಂಗಳೂರಿನ ಬಸ್ ಪ್ರಯಾಣಿಕರಿಗೆಲ್ಲ ಗೊತ್ತಿರುವ ಒಂದು ನಿಲ್ದಾಣ ಸಿಗುತ್ತದೆ: ಟಾಟಾ ಸಿಲ್ಕ್ ಫಾರ್ಮ್. ಕಂಡಕ್ಟರ್ ಕೂಗುತ್ತಾರೆ, ನಾಲ್ಕು ಜನ ಇಳಿಯುತ್ತಾರೆ, ಬಸ್ಸು ಮುಂದೆ ಹೋಗುತ್ತದೆ. ಎಲ್ಲಿ ಕಣ್ಣು ಹಾಯಿಸಿದರೂ ಒಂದು ಹಿಪ್ಪುನೇರಳೆ ಗಿಡವಿಲ್ಲ. ಮನೆ, ಅಂಗಡಿ, ಸಾಲುಗಟ್ಟಿದ ವಾಹನ. ಆದರೆ ಒಂದು ಕಾಲದಲ್ಲಿ ಇಲ್ಲಿ ನಿಜಕ್ಕೂ ರೇಷ್ಮೆ ತೋಟವಿತ್ತು. ಅದನ್ನು ಹಾಕಿಸಿದವರು ಜಮ್‌ಷೆಡ್‌ಜಿ ನಸರ್ವಾನ್‌ಜಿ ಟಾಟಾ. ಇವತ್ತಿನ ವಿಡಿಯೊ ಅವರ ಬಗ್ಗೆ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಕಸುಬು ಹತ್ತೊಂಬತ್ತನೆಯ ಶತಮಾನದಲ್ಲಿ ಹುಳುಗಳಿಗೆ ರೋಗ ತಗುಲಿ ಸೊರಗಿತ್ತು. ಜಮ್‌ಷೆಡ್‌ಜಿ 1893ರಲ್ಲಿ ಜಪಾನಿಗೆ ಹೋಗಿದ್ದರು. ಅಲ್ಲಿನವರ ರೇಷ್ಮೆ ಕೃಷಿಯ ಶಿಸ್ತು ಅವರಿಗೆ ಹಿಡಿಸಿತು. ಕೆಲವೇ ವರ್ಷಗಳಲ್ಲಿ, ಮೈಸೂರು ಸರ್ಕಾರದ ನೆರವಿನಿಂದ, ಇಲ್ಲಿ ತೋಟ ಹಾಕಿಸಿ ಜಪಾನಿನ ತಜ್ಞ ದಂಪತಿಯನ್ನು ಕರೆಸಿದರು. ಹುಳು ಸಾಕುವುದರಿಂದ ಹಿಡಿದು ನೂಲು ಬಿಚ್ಚುವವರೆಗೆ ಜಪಾನಿ ಪದ್ಧತಿಯನ್ನು ನಮ್ಮವರು ಕಲಿಯಲಿ ಎಂಬುದು ಉದ್ದೇಶ. ಲಾಭಕ್ಕಾಗಿ ಮಾಡಿದ್ದಾಗಿದ್ದರೆ ಕಲಿಸುವ ಗೊಡವೆ ಯಾಕೆ ಬೇಕಿತ್ತು? ನನಗೆ ಅವರಲ್ಲಿ ಬಹಳ ಇಷ್ಟವಾಗುವ ಗುಣವೇ ಇದು. ಕೈ ಹಾಕಿದ ಕಡೆಯೆಲ್ಲ ಕಲಿಯುವವರನ್ನು ಹುಡುಕುತ್ತಿದ್ದರು.

ಅವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ಓದಿದ್ದು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. ತಂದೆಯ ವ್ಯಾಪಾರಕ್ಕಾಗಿ ಹಾಂಗ್‌ಕಾಂಗಿಗೆ ಹೋದರು. ಆ ಕಾಲದ ಚೀನಾ ವ್ಯಾಪಾರದಲ್ಲಿ ಹತ್ತಿಯ ಜೊತೆಗೆ ಅಫೀಮೂ ಇತ್ತು, ಅದನ್ನು ಮುಚ್ಚಿಟ್ಟು ಅವರ ಕತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. 1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಶುರುವಾಯಿತು. ಮುಂಬೈಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿ ಕೊಂಡು ಹತ್ತಿ ಗಿರಣಿಯಾಗಿ ಬದಲಾಯಿಸಿದರು, ಲಾಭಕ್ಕೆ ಮಾರಿದರು.

ಆಮೇಲಿನ ನಾಗಪುರದ ಎಂಪ್ರೆಸ್ ಗಿರಣಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಗ ಗಿರಣಿ ಎಂದರೆ ಮುಂಬೈ. ಜಮ್‌ಷೆಡ್‌ಜಿ ಮಾತ್ರ ಹತ್ತಿ ಬೆಳೆಯುವ ಊರಿನ ಹತ್ತಿರವೇ ಗಿರಣಿ ಇರಬೇಕೆಂದು ನಾಗಪುರಕ್ಕೆ ಹೋದರು. 1877ರ ಜನವರಿ 1ರಂದು ಅದು ಶುರುವಾಯಿತು. ನೂಲುವ ಒಳಾಂಗಣ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಗಾಳಿ ಒಣಗಿದರೆ ಎಳೆ ಹರಿಯುತ್ತದೆ, ಹತ್ತಿಯ ಧೂಳು ಉಸಿರಿಗೆ ಸೇರುತ್ತದೆ, ಒಂದು ಕಿಡಿ ಬಿದ್ದರೆ ಎಲ್ಲವೂ ಬೂದಿ. ಅವರು ಗಾಳಿಯಾಡುವ ವ್ಯವಸ್ಥೆ ಮಾಡಿಸಿದರು, ತೇವ ಕಾಪಾಡುವ ಯಂತ್ರ ತರಿಸಿದರು, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಿದರು. 1886ರಲ್ಲಿ ಕಾರ್ಮಿಕರಿಗೆ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ. ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕರು ಹಣ ಕೊಡಬೇಕು ಎಂದು ನಮ್ಮ ದೇಶದಲ್ಲಿ ಕಾನೂನು ಬಂದದ್ದು 1923ರಲ್ಲಿ. ಯಾರೂ ಒತ್ತಾಯಿಸದೆ ಇಪ್ಪತ್ತೆಂಟು ವರ್ಷ ಮೊದಲೇ ಮಾಡಿದ ಕೆಲಸ ಅದು.

ದಾನದ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯವಿತ್ತು. ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ದೇಶ ಮುಂದೆ ಬರಬೇಕಾದರೆ ಪ್ರತಿಭೆ ಇರುವವರನ್ನು ಮೇಲೆತ್ತಬೇಕು ಎಂದರು. ಈ ಮಾತನ್ನು ಮೊದಲು ಓದಿದಾಗ ನನಗೆ ಕಸಿವಿಸಿಯಾಯಿತು. ಬಡವರ ಹೊಟ್ಟೆ ಬಿಟ್ಟು ಬುದ್ಧಿವಂತರ ಓದಿಗೆ ಹಣ ಕೊಡುವುದು ಯಾವ ನ್ಯಾಯ? ಉತ್ತರ ಸಿಕ್ಕಿದ್ದು ಅವರ ಮುಂದಿನ ಯೋಜನೆಯಲ್ಲಿ.

ದೇಶದಲ್ಲಿಯೇ ಉನ್ನತ ಸಂಶೋಧನೆ ನಡೆಸುವ ಒಂದು ಸಂಸ್ಥೆ ಬೇಕೆಂದು 1898ರಲ್ಲಿ ಅವರು ತಮ್ಮ ಸ್ವಂತ ಆಸ್ತಿಯ ದೊಡ್ಡ ಪಾಲನ್ನು, ಮುಂಬೈಯ ಕಟ್ಟಡ ಮತ್ತು ಜಮೀನುಗಳನ್ನು, ಎತ್ತಿಟ್ಟರು. ಅಂದಿನ ಬೆಲೆ ಸುಮಾರು 30 ಲಕ್ಷ ರೂಪಾಯಿ. ಐದು ವರ್ಷ ಹಿಂದೆ ಜಪಾನಿನಿಂದ ಕೆನಡಾಕ್ಕೆ ಒಂದೇ ಹಡಗಿನಲ್ಲಿ ಜೊತೆಗೆ ಪಯಣಿಸಿದ್ದ ಸ್ವಾಮಿ ವಿವೇಕಾನಂದರಿಗೆ ಅದೇ ನವೆಂಬರ್‌ನಲ್ಲಿ ಪತ್ರ ಬರೆದು ಬೆಂಬಲ ಕೋರಿದರು. ವೈಸ್‌ರಾಯ್ ಕರ್ಜನ್ ಮುಂದೆ ಪ್ರಸ್ತಾಪ ಹೋಯಿತು. ಇಷ್ಟು ಮೇಲ್ಮಟ್ಟದ ಓದಿಗೆ ಭಾರತದಲ್ಲಿ ವಿದ್ಯಾರ್ಥಿಗಳು ಎಲ್ಲಿ ಸಿಗುತ್ತಾರೆ, ಓದಿದ ಮೇಲೆ ಕೆಲಸ ಎಲ್ಲಿದೆ ಎಂಬ ಅನುಮಾನ ಆಚೆಯಿಂದ. ನೂರಾರು ವರ್ಷ ಆಳುತ್ತೇವೆಂದು ನಂಬಿದ್ದವರಿಗೆ ಆ ಅನುಮಾನ ಅನುಕೂಲವಾಗಿಯೇ ಇತ್ತು. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ 1900ರಲ್ಲಿ ಬಂದು ದೇಶ ಸುತ್ತಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗ ಎಂದರು. ಆಮೇಲೆ ಇನ್ನೊಂದು ಸಮಿತಿ, ಇನ್ನಷ್ಟು ಕಾಗದಪತ್ರ.

ಜಮ್‌ಷೆಡ್‌ಜಿ ಕಾಯುತ್ತಲೇ ಇದ್ದರು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಉಕ್ಕಿನ ಕಾರ್ಖಾನೆ ಅವರು ನೋಡಲಿಲ್ಲ, ಪಶ್ಚಿಮ ಘಟ್ಟದ ಜಲವಿದ್ಯುತ್ ನೋಡಲಿಲ್ಲ, ಈ ಸಂಸ್ಥೆಯನ್ನೂ ನೋಡಲಿಲ್ಲ. ಮೂರು ದೊಡ್ಡ ಕನಸುಗಳಲ್ಲಿ ಒಂದೂ ಕಣ್ಣಿಗೆ ಬೀಳಲಿಲ್ಲ. ಆದರೂ ಉಕ್ಕಿನ ಊರು ಹೇಗಿರಬೇಕೆಂದು ಮಗ ದೊರಾಬ್ಜಿಗೆ ಮೊದಲೇ ಬರೆದಿಟ್ಟಿದ್ದರು: ಅಗಲವಾದ ಬೀದಿಗಳು, ಬೇಗ ಬೆಳೆದು ನೆರಳು ಕೊಡುವ ಮರಗಳು, ಆಟದ ಮೈದಾನ, ಗುಡಿ, ಮಸೀದಿ, ಇಗರ್ಜಿಗೆ ಜಾಗ. ಕಾರ್ಖಾನೆಗೆ ಇನ್ನೂ ನೆಲವೇ ಗೊತ್ತಾಗಿರಲಿಲ್ಲ, ಆಗಲೇ ಮರದ ನೆರಳಿನ ಯೋಚನೆ! ಆ ಊರೇ ಇಂದಿನ ಜಮ್‌ಷೆಡ್‌ಪುರ.

ಸಂಸ್ಥೆಯ ಕೈಬಿಡದೆ ಉಳಿಸಿದವರು ಅವರ ಮಕ್ಕಳು ದೊರಾಬ್ಜಿ ಮತ್ತು ರತನ್‌ಜಿ. ಅಪ್ಪ ಎತ್ತಿಟ್ಟ ಆಸ್ತಿ ಸಂಸ್ಥೆಗೇ ಸೇರಿತು. ನಾವು ಹೆಮ್ಮೆಪಡಬೇಕಾದ ಇನ್ನೊಂದು ಕೊಡುಗೆ ಮೈಸೂರು ಅರಮನೆಯದು: 371 ಎಕರೆ ನೆಲ, ಜೊತೆಗೆ ಹಣ. 1909ರ ಮೇ 27ರಂದು ಸರ್ಕಾರಿ ಆದೇಶ ಹೊರಬಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು, ಅದೇ ವರ್ಷ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮೊದಲ ಯೋಚನೆಯಿಂದ ಮೊದಲ ತರಗತಿಯವರೆಗೆ ಹದಿಮೂರು ವರ್ಷ.

ಇದು ಆ ಸಂಸ್ಥೆಯ ಮುಖ್ಯ ಕಟ್ಟಡ. ಬೂದು ಕಲ್ಲು, ನಡುವೆ ಗೋಪುರ, ಮುಂದೆ ಜಮ್‌ಷೆಡ್‌ಜಿಯವರ ಪ್ರತಿಮೆ. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ಟಾಟಾ ಇಲ್ಲ. ಆದರೂ ಹಳೆಯ ಬೆಂಗಳೂರಿಗರಿಗೆ ಇದು ಟಾಟಾ ಇನ್‌ಸ್ಟಿಟ್ಯೂಟೇ, ಆಟೊ ಚಾಲಕರಿಗೆ ಹಾಗೆಂದರೆ ಸಾಕು. ಸಿ.ವಿ. ರಾಮನ್ ಇಲ್ಲಿ ನಿರ್ದೇಶಕರಾಗಿದ್ದರು. ವಿಕ್ರಂ ಸಾರಾಭಾಯಿ, ಹೋಮಿ ಭಾಭಾ ಇಲ್ಲಿ ಕೆಲಸ ಮಾಡಿದರು. ಸತೀಶ್ ಧವನ್ ಇಲ್ಲಿಂದ ಇಸ್ರೊವನ್ನೂ ನಡೆಸಿದರು. ಉಪಗ್ರಹ ಕಳುಹಿಸುವ ಹವಾಮಾನ ಮಾಹಿತಿ ಕರಾವಳಿಯ ಮೀನುಗಾರರ ಮೊಬೈಲಿಗೆ ತಲುಪುವ ಈ ಕಾಲದಲ್ಲಿ ನನ್ನ ಆ ಹಳೆಯ ಕಸಿವಿಸಿ ಕರಗಿದೆ. ಪ್ರತಿಭಾವಂತರ ಓದಿಗೆ ಹಾಕಿದ ಹಣ ಬಡವರ ಮನೆಗೂ ಬರುತ್ತದೆ, ಸುತ್ತುದಾರಿ ಹಿಡಿದು.

ಎಲ್ಲವೂ ಚೆನ್ನಾಗಿಯೇ ಇತ್ತೆನ್ನಲಾರೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಎಂದು ಹೆಸರಾದವರು, ಹೆಣ್ಣು ಎಂಬ ಕಾರಣಕ್ಕೆ ಇಲ್ಲಿ ಪ್ರವೇಶಕ್ಕಾಗಿ ಹೋರಾಡಬೇಕಾಯಿತು. ಜಮ್‌ಷೆಡ್‌ಜಿ 1892ರಲ್ಲೇ ಶುರುಮಾಡಿದ ವಿದ್ಯಾರ್ಥಿ ನಿಧಿಯಿಂದ ಮೊದಮೊದಲು ವಿದೇಶಕ್ಕೆ ಹೋದವರಲ್ಲಿ ವೈದ್ಯಕೀಯ ಓದುವ ಹೆಣ್ಣುಮಕ್ಕಳಿದ್ದರು ಎಂಬುದನ್ನು ನೆನೆದರೆ ಇದು ಇನ್ನೂ ನೋಯಿಸುತ್ತದೆ.

ಆ ನಿಧಿ ಕೊಡುವುದು ಸಾಲ. ಓದಿ ದುಡಿದು ತೀರಿಸಬೇಕು, ತೀರಿಸಿದ ಹಣ ಮುಂದಿನವರಿಗೆ ಹೋಗುತ್ತದೆ. ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಇದರಿಂದ. ಪದವಿ ಮುಗಿಸಿ, ವಿದೇಶದಲ್ಲಿ ಮುಂದೆ ಓದುವ ಆಸೆಯಿದ್ದೂ ಮನೆಯ ಹಣಕಾಸು ನೆನೆದು ಸುಮ್ಮನಾದವರು ಈ ವಿಡಿಯೊ ನೋಡುತ್ತಿದ್ದರೆ, ಜೆ.ಎನ್. ಟಾಟಾ ಎಂಡೋಮೆಂಟ್ ಎಂಬ ಹೆಸರು ಬರೆದಿಟ್ಟುಕೊಳ್ಳಿ. ಕಚೇರಿ ಮುಂಬೈಯಲ್ಲಿದೆ, ನಿಧಿ ಈಗಲೂ ನಡೆಯುತ್ತಿದೆ. ಅರ್ಜಿ ಹಾಕಿ.