ಬೆಳಕೋ, ಬ್ಲೂಟೂತೋ? ಮೊದಲು ಅದನ್ನು ನೋಡಿ

ನಮಸ್ಕಾರ ಕೇಳುಗರೇ. ನಿಮ್ಮ ಮನೆಯ ಟೀಪಾಯಿ ಮೇಲೆ ಈಗ ಎಷ್ಟು ರಿಮೋಟ್ ಬಿದ್ದಿವೆ, ಒಮ್ಮೆ ಎಣಿಸಿ. ಟಿವಿಯದ್ದೊಂದು, ಸೆಟ್‌ಟಾಪ್ ಬಾಕ್ಸಿನದ್ದೊಂದು, ಸೌಂಡ್‌ಬಾರಿನದ್ದೊಂದು, ಟಿವಿ ಹಿಂದೆ ಚುಚ್ಚಿ ಇಂಟರ್ನೆಟ್ಟಿನ ವಿಡಿಯೋ ನೋಡುವ ಫೈರ್ ಸ್ಟಿಕ್ಕಿನದ್ದೊಂದು. ಇಷ್ಟಕ್ಕೂ ಸೇರಿ ಒಂದೇ ಸಾಕು ಅಂತ ಮುಂಬೈಯ ಗ್ರಾಂಟ್ ರೋಡಿನಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೀರಿ. ಅಂಗಡಿಯವನು "ಆಲ್ ಇನ್ ಒನ್, ಸಬ್ ಚಲೇಗಾ" ಅಂತ ಕೈಗಿಡುತ್ತಾನೆ. ಮನೆಗೆ ತಂದರೆ ಟಿವಿ ಕೇಳುತ್ತದೆ, ಸ್ಟಿಕ್ಕು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮರುವಾರ ಇನ್ನೊಂದು ಅಂಗಡಿ, ಇನ್ನೊಂದು ರಿಮೋಟು.

ದಯವಿಟ್ಟು ಒಂದು ಮಾತು ಕೇಳಿ. ರಿಮೋಟ್ ಹುಡುಕುವ ಮೊದಲು, ನಿಮ್ಮ ಪೆಟ್ಟಿಗೆ ಯಾವುದಕ್ಕೆ ಓಗೊಡುತ್ತದೆ ಅಂತ ನೋಡಿ: ಬೆಳಕಿಗೋ, ಬ್ಲೂಟೂತಿಗೋ?

ಬೆಳಕು ಅಂದರೆ ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಕಾಣದ ಬೆಳಕು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಬಲ್ಬು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣುಕಿ ಸಂಕೇತ ಕಳಿಸುತ್ತದೆ. ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆಯಿರಿ, ರಿಮೋಟಿನ ಮೂತಿ ಅದಕ್ಕೆ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನೇರಳೆ ಚುಕ್ಕೆ ಮಿಣುಕಿದರೆ ಬೆಳಕು. ಈಗ ಫೈರ್ ಸ್ಟಿಕ್ಕಿನ ರಿಮೋಟು ಹಿಡಿಯಿರಿ. ಬಾಣದ ಗುಂಡಿ ಒತ್ತಿದರೆ ಕತ್ತಲು, ವಾಲ್ಯೂಮ್ ಒತ್ತಿದರೆ ಮಿಣುಕು! ಯಾಕೆಂದರೆ ಅದು ಸ್ಟಿಕ್ಕಿನ ಜೊತೆ ಬ್ಲೂಟೂತಿನಲ್ಲಿ, ಅಂದರೆ ರೇಡಿಯೋ ಅಲೆಯಲ್ಲಿ, ಮಾತಾಡುತ್ತದೆ, ಟಿವಿ ಜೊತೆ ಬೆಳಕಿನಲ್ಲಿ. ಸ್ಟಿಕ್ಕಿಗೆ ಬೆಳಕು ಹಿಡಿಯುವ ಕಣ್ಣೇ ಇಲ್ಲ. ಕಣ್ಣಿಲ್ಲದವನ ಮುಂದೆ ಲ್ಯಾಮಿಂಗ್ಟನ್ ರೋಡಿನ ಅಷ್ಟೂ ರಿಮೋಟು ತಂದು ಆಡಿಸಿದರೂ ಏನು ಪ್ರಯೋಜನ?

ಒಂದು ಮನೆಯ ಕಥೆ ಹೇಳುತ್ತೇನೆ. ಡೊಂಬಿವಲಿಯ ಒಂದು ಫ್ಲಾಟು. ಮಾವನಿಗೆ ರಾತ್ರಿ ಎಂಟಕ್ಕೆ ಯಕ್ಷಗಾನ ಬೇಕು. ಮಗ ದುಬಾರಿ ರಿಮೋಟೊಂದನ್ನು ತಂದು, ಒಂದೇ ಗುಂಡಿಗೆ ಮೂರು ಕೆಲಸ ಕಟ್ಟಿಟ್ಟ. ಒತ್ತಿದರೆ ಮೊದಲು ಟಿವಿ, ಆಮೇಲೆ ಬಾಕ್ಸು, ಕೊನೆಗೆ ಸೌಂಡ್‌ಬಾರು ಆನ್. ಮೊದಲ ದಿನ ಹಬ್ಬ. ಎರಡನೇ ದಿನ ಸೊಸೆ ಸಂಜೆ ಫೋನಿನಿಂದ ಸೌಂಡ್‌ಬಾರಿನಲ್ಲಿ ಹಾಡು ಹಾಕಿ, ಹಾಗೇ ಬಿಟ್ಟು ಒಳಗೆ ಹೋಗಿದ್ದಳು. ಎಂಟಕ್ಕೆ ಮಾವ ಗುಂಡಿ ಒತ್ತಿದರು. ಟಿವಿ ಆನ್, ಬಾಕ್ಸ್ ಆನ್, ಸೌಂಡ್‌ಬಾರ್ ಆಫ್. ವೇಷ ಕುಣಿಯುತ್ತಿದೆ, ಚೆಂಡೆ ಇಲ್ಲ. ಮತ್ತೆ ಒತ್ತಿದರು. ಚೆಂಡೆಯ ಪೆಟ್ಟಿಗೆ ಆನ್, ಟಿವಿ ಕತ್ತಲು. ಒತ್ತಿದಷ್ಟೂ ಇದೇ ಆಟ, ಎರಡೂ ಒಟ್ಟಿಗೆ ಬರುವುದೇ ಇಲ್ಲ.

ಕಾರಣ ಇಷ್ಟೇ. ಈ ಮೂರರ ಪವರ್ ಗುಂಡಿಯೂ "ಆನ್ ಆಗು" ಅನ್ನುವುದಿಲ್ಲ, "ಈಗಿರುವುದರ ಉಲ್ಟಾ ಆಗು" ಅನ್ನುತ್ತದೆ. ಬೆಳಕು ಹೋಗುತ್ತದೆ, ಉತ್ತರ ಬರುವುದಿಲ್ಲ. ಯಾವುದು ಆನ್ ಇದೆ ಅಂತ ರಿಮೋಟಿಗೆ ಗೊತ್ತಾಗುವುದಾದರೂ ಹೇಗೆ?

ಮೂರನೇ ದಿನದ್ದು ಇನ್ನೂ ಮಜಾ. ಮಾವ ಗುಂಡಿ ಒತ್ತಿ, ಕನ್ನಡಕ ಸರಿಮಾಡಿಕೊಳ್ಳಲು ಕೈ ಇಳಿಸಿದರು. ಮೂರು ಸಂಕೇತ ಹೊರಡಲು ಎರಡು ಮೂರು ಸೆಕೆಂಡು ಬೇಕು. ಸೌಂಡ್‌ಬಾರಿನ ಪಾಲಿನದು ಸೋಫಾದ ಕುಶನ್ನಿಗೆ ಹೋಯಿತು. ರಿಮೋಟ್ ಕೆಟ್ಟಿತು ಅಂತ ತೀರ್ಮಾನ.

ಕೊನೆಗೆ ಅಲ್ಲಿ ಕೆಲಸ ಕೊಟ್ಟದ್ದು ಒಂದು ಎಚ್‌ಡಿಎಂಐ ಕೇಬಲ್ಲು. ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದಿರುವ, ಟಿವಿಯ ಸದ್ದನ್ನು ಹೊರಗೆ ಕಳಿಸುವ ತೂತಿನಿಂದ ಸೌಂಡ್‌ಬಾರಿನ ಎಆರ್‌ಸಿ ತೂತಿಗೆ ಹಾಕಿ. ಆಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಈ ತಂತಿಯಲ್ಲೇ ಒಂದು ಉಪಕರಣ ಇನ್ನೊಂದಕ್ಕೆ ಆಜ್ಞೆ ಕೊಡುವ ಸೌಲಭ್ಯ, ಆನ್ ಮಾಡಿ. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಒಂದೇ ವಸ್ತುವಿಗೆ ಇಷ್ಟು ಹೆಸರು ಯಾಕೋ! ಈಗ ಟಿವಿ ಆನ್ ಆದರೆ ಸೌಂಡ್‌ಬಾರ್ ತಾನೇ ಏಳುತ್ತದೆ, ಟಿವಿಯ ವಾಲ್ಯೂಮಿಗೇ ಏರಿಳಿಯುತ್ತದೆ. ಬೆಳಕು ಕಾಣದ ಸ್ಟಿಕ್ಕು ಕೂಡ, ತನ್ನನ್ನು ಚುಚ್ಚಿದ ತೂತಿನಿಂದಲೇ, ಇದೇ ಸಿಇಸಿ ಮೂಲಕ ಟಿವಿ ರಿಮೋಟಿನ ಬಾಣಕ್ಕೆ ಓಡಾಡುತ್ತದೆ. ಆದ್ದರಿಂದ ಮತ್ತೆ ಹೇಳುತ್ತೇನೆ, ಮೊದಲು ಬೆಳಕೋ ಬ್ಲೂಟೂತೋ ನೋಡಿ, ಆಮೇಲೆ ಕಾಸು ಬಿಚ್ಚಿ.

ಸೆಟ್‌ಟಾಪ್ ಬಾಕ್ಸಿನ ರಿಮೋಟು ಬೆಳಕಿನದ್ದಾದರೆ ಎಷ್ಟೋ ಸಲ ಅದರ ಮೇಲ್ಭಾಗದಲ್ಲಿ ಟಿವಿಗಾಗಿಯೇ ನಾಲ್ಕೈದು ಗುಂಡಿ, ಪಕ್ಕದಲ್ಲಿ ಸೆಟ್ ಅಂತ ಒಂದು ಇರುತ್ತದೆ. ಹಾಗಿದ್ದರೆ ಅದು ಕಲಿಯುವ ರಿಮೋಟು, ಅಂದರೆ ಇನ್ನೊಂದು ರಿಮೋಟಿನ ಸಂಕೇತ ಕಲಿತುಕೊಳ್ಳುವಂಥದ್ದು. ನೂರಕ್ಕೆ ತೊಂಬತ್ತು ಮನೆಯಲ್ಲಿ ಆ ಗುಂಡಿ ಮುಟ್ಟಿಯೇ ಇರುವುದಿಲ್ಲ, ಪಣ ಕಟ್ಟುತ್ತೇನೆ. ಬಾಕ್ಸಿನದು, ಟಿವಿಯದು, ಎರಡೂ ರಿಮೋಟಿಗೆ ಹೊಸ ಸೆಲ್ ಹಾಕಿ. ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗಿ, ಆದರೆ ತಾಗದಂತೆ, ನಡುವೆ ಮೂರು ಬೆರಳು ಜಾಗ ಬಿಟ್ಟು ಇಡಿ. ಕೆಂಪು ದೀಪ ಮಿಣುಕದೆ ಒಂದೇ ಸಮನೆ ಉರಿಯುವ ತನಕ ಸೆಟ್ ಒತ್ತಿ ಹಿಡಿಯಿರಿ. ಕಲಿಯಬೇಕಾದ ಗುಂಡಿ ಒತ್ತಿ, ದೀಪ ಮಿಣುಕುತ್ತದೆ. ಈಗ ಟಿವಿ ರಿಮೋಟಿನ ಅದೇ ಗುಂಡಿ ಒತ್ತಿ. ಕಲಿತರೆ ದೀಪವೇ ಸುಳಿವು ಕೊಡುತ್ತದೆ. ಎಲ್ಲ ಆದ ಮೇಲೆ ಮತ್ತೆ ಸೆಟ್ ಒತ್ತಿದರೆ ಉಳಿಯುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂತು ಮಾಡಬೇಡಿ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಕಲಿಕೆ ಕೆಡುತ್ತದೆ.

ಅಯ್ಯೋ, ಸಮಯ ಆಯಿತಂತೆ. ಬೇಗ ಹೇಳುತ್ತೇನೆ. ಎಲ್ಲಕ್ಕೂ ಒಂದೇ ಅಂತ ಹೆಸರಾಗಿದ್ದ ಹಾರ್ಮೊನಿ ರಿಮೋಟು ಹುಡುಕಬೇಡಿ, ಲಾಜಿಟೆಕ್ 2021ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಎಸಿಯನ್ನು ಕಲಿಯುವ ರಿಮೋಟಿಗೆ ಕಟ್ಟಬೇಡಿ. ಎಸಿ ರಿಮೋಟು ಪ್ರತಿ ಸಲ ತಾಪಮಾನ, ಫ್ಯಾನು, ಮೋಡು ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಒಂದು ಗುಂಡಿಗೆ 24 ಡಿಗ್ರಿ ಕಲಿಸಿದರೆ ಅದು ಸಾಯುವ ತನಕ 24 ಅನ್ನುತ್ತಲೇ ಇರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ರಿಮೋಟನ್ನೇ ಒಯ್ಯಿರಿ, ಟಿವಿಯ ಬೆನ್ನಿನ ಮಾಡೆಲ್ ನಂಬರಿನ ಫೋಟೋ ಜೊತೆಗಿರಲಿ. ಇನ್ನು ನಮ್ಮ ಮುಂಬೈ ಮಳೆಗಾಲ. ಸೆಲ್ಲಿನ ಸ್ಪ್ರಿಂಗು ಹಸಿರು ಹಿಡಿದಿದ್ದರೆ ಸೆಲ್ ತೆಗೆದು, ಹಳೆ ಹಲ್ಲುಜ್ಜುವ ಬ್ರಶ್ಶಿಗೆ ಎರಡು ಹನಿ ವಿನೆಗರ್ ಹಾಕಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. "ಕೆಟ್ಟ" ರಿಮೋಟುಗಳಲ್ಲಿ ಕೆಲವು ಅಲ್ಲೇ ಜೀವ ಹಿಡಿಯುತ್ತವೆ. ನಮಸ್ಕಾರ.