ಇಪ್ಪತ್ತೈದು ಅಡಿಕೆಯ ಲೆಕ್ಕ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಅಂಗಡಿಯವರು, ಅಡಿಕೆ ವ್ಯಾಪಾರದವರು, ಸಣ್ಣ ಉದ್ದಿಮೆ ನಡೆಸುವವರು ಕೂತಿದ್ದೀರಿ. ಹಿಂದೆ ನನ್ನ ಹಳೇ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ಕಾಣುತ್ತಿದ್ದಾರೆ. ನಾನು ಇವತ್ತು ಮಾತಾಡಬೇಕಾದ್ದು ಮುಂದಿನ ಸಾಲಿನವರ ಹತ್ತಿರ. ಹಿಂದಿನವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ನಾನು ವಿಶೇಷ ಮಕ್ಕಳಿಗೆ ಪಾಠ ಹೇಳಿದವಳು. ಹದಿನೆಂಟು ದಾಟಿದವರಿಗೆ ಕೆಲಸ ಕಲಿಸುವುದು ಅಂದರೆ ನಮಗೆ ಹೊಳೆಯುತ್ತಿದ್ದದ್ದು ಮೂರೇ: ಮೇಣದ ಬತ್ತಿ, ಫಿನಾಯಿಲ್, ಕಾಗದದ ಪೆನ್ನು. ನಾನೂ ಎರಡು ವರ್ಷ ಬತ್ತಿ ಮಾಡಿಸಿದೆ. ಹುಡುಗರು ಚಂದ ಕಲಿತರು. ಕೊಂಡವರು ಯಾರು ಅಂದರೆ ನಾವು ಟೀಚರುಗಳು, ಮತ್ತೆ ಅವರವರ ಮನೆಯವರು. ಅದರ ಒಂದು ಪೆಟ್ಟಿಗೆ ಈಗಲೂ ನಮ್ಮ ಅಟ್ಟದಲ್ಲಿ ಉಂಟು. ಕರೆಂಟು ಹೋದಾಗ ಹೊತ್ತಿಸುವುದು ಅದನ್ನೇ. ಮೇಣದ ಬತ್ತಿ ಮಾಡಲು ಸಂಬಳ ಕೊಡುವ ಒಂದು ಅಂಗಡಿಯೂ ಈ ಸುತ್ತಿನಲ್ಲಿ ಇರಲಿಲ್ಲ. ಕಲಿಸುವ ಮೊದಲು ನಾನು ಆ ಒಂದು ವಿಷಯ ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ.

ಈ ವಿಷಯವನ್ನು ತಲೆಕೆಳಗು ಮಾಡಿ ನೋಡಿದ ಒಂದು ಕಥೆ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದದ್ದು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಎರಿನ್ ರೀಲಿ ಎಂಬ ನರ್ಸ್ ಇದ್ದರು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಾನು ತುಂಬಿಸಿಡುವ ಕೆಲಸಕ್ಕೆ ಜನ ಬರುತ್ತಿದ್ದರು, ಬೇಸರವಾಗಿ ಬಿಟ್ಟು ಹೋಗುತ್ತಿದ್ದರು. ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ಬೌದ್ಧಿಕ ಸವಾಲಿನ ಮಕ್ಕಳೇ ದೊಡ್ಡವರಾದ ಮೇಲೆ ಈ ಕೆಲಸ ಯಾಕೆ ಮಾಡಬಾರದು ಅಂತ ಅವರಿಗೆ ಅನಿಸಿತು. 1996ರಲ್ಲಿ ಶುರುವಾದ ಅದರ ಹೆಸರು ಪ್ರಾಜೆಕ್ಟ್ ಸರ್ಚ್. ಈಗ ಬೇರೆ ದೇಶಗಳಲ್ಲೂ ನಡೆಯುತ್ತಿದೆ.

ಅದರ ಕ್ರಮ ಸರಳ. ತರಗತಿ ಶಾಲೆಯಲ್ಲಿಲ್ಲ, ಕೆಲಸದ ಜಾಗದ ಒಳಗೇ ಒಂದು ಕೋಣೆ. ಶಾಲೆಯ ಟೀಚರು ಅಲ್ಲಿಗೇ ಬರುತ್ತಾರೆ. ಕೈ ಹಿಡಿದು ಕೆಲಸ ತೋರಿಸಲು ಜಾಬ್ ಕೋಚ್ ಇರುತ್ತಾರೆ. ಒಂದು ಶಾಲಾ ವರ್ಷದಲ್ಲಿ ಮೂರು ಬೇರೆ ಬೇರೆ ವಿಭಾಗ, ಒಂದೊಂದರಲ್ಲಿ ಹತ್ತು ಹನ್ನೆರಡು ವಾರ. ಯಾವ ಕೆಲಸ ಕಲಿಸಬೇಕು ಅಂತ ಹೇಳುವವರು ಟೀಚರಲ್ಲ, ಆ ವಿಭಾಗದವರು. ನನಗೆ ನಾಟಿದ್ದು ಇದು. ನಾವು ಉದ್ಯೋಗದಾತರ ಹತ್ತಿರ ಹೋಗುತ್ತಿದ್ದದ್ದು ಕಲಿಸಿ ಮುಗಿದ ಮೇಲೆ, ಕೈ ಮುಗಿದುಕೊಂಡು. ಅಲ್ಲಿ ಕಲಿಸುವುದರಲ್ಲೇ ಅವರು ಪಾಲುದಾರರು.

ಇನ್ನು ನಮ್ಮ ಊರಿಗೆ ಬರೋಣ. ಇಲ್ಲೇ ಹತ್ತಿರ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಒಂದು ಘಟಕಕ್ಕೆ ಒಬ್ಬ ಹುಡುಗನನ್ನು ಕರೆದುಕೊಂಡು ಹೋದೆ. ಮಾಲಕರು ನನ್ನ ಪರಿಚಯದವರು. ‘ಟೀಚರೇ, ಪಾಪದ ಹುಡುಗ, ಮೂಲೆಯಲ್ಲಿ ಕೂತಿರಲಿ, ತಿಂಗಳಿಗೆ ಏನಾದರೂ ಕೊಡುವ’ ಅಂದರು. ‘ಪಾಪ ಬೇಡ ಅಣ್ಣಾ, ನಿಮ್ಮಲ್ಲಿ ಎಲ್ಲಿ ಕೆಲಸ ತಡೆಯುತ್ತದೆ ಹೇಳಿ’ ಅಂದೆ. ಯೋಚಿಸಿ ಹೇಳಿದರು: ಕಟ್ಟು ಕಟ್ಟುವಲ್ಲಿ. ಒತ್ತುವ ಮೆಷಿನ್‌ನವರೇ ಎದ್ದು ಬಂದು ಕಟ್ಟಬೇಕು, ಅಷ್ಟು ಹೊತ್ತು ಮೆಷಿನ್ ಖಾಲಿ.

ನಾನು ಮೂರು ದಿನ ಸುಮ್ನೆ ಕೂತು ನೋಡಿದೆ. ಹಾಳೆ ನೆನೆಸುವುದು, ತೊಳೆಯುವುದು, ನೀರು ಇಳಿಯಲು ಬಿಡುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಅಂಚು ನೋಡುವುದು, ಒಡೆದದ್ದು ಬೇರೆ ಮಾಡುವುದು, ಎಣಿಸುವುದು, ಕಟ್ಟುವುದು. ಬಿಸಿ ಅಚ್ಚಿನ ಹತ್ತಿರ ಅವನು ಬೇಡ. ತೊಳೆಯುವುದು ಒಂದೇ ದಿನದಲ್ಲಿ ಬಂತು. ಒಡೆದದ್ದು ಹುಡುಕುವುದರಲ್ಲಿ ಅವನ ಕಣ್ಣು ನಮಗಿಂತ ಚುರುಕು. ತೊಡಕಾದದ್ದು ಎಣಿಕೆ. ಅವನಿಗೆ ಏಳರ ಮೇಲೆ ಲೆಕ್ಕ ನಿಲ್ಲುವುದಿಲ್ಲ, ಕಟ್ಟಿಗೆ ಇಪ್ಪತ್ತೈದು ತಟ್ಟೆ ಬೇಕು.

ಶಾಲೆಯಲ್ಲಾಗಿದ್ದರೆ ನಾನು ಒಂದು ವರ್ಷ ಎಣಿಕೆ ಕಲಿಸುತ್ತಾ ಕೂತಿರುತ್ತಿದ್ದೆ. ಇಲ್ಲಿ ಮಾಲಕರ ಹೆಂಡತಿ ಎರಡು ಬಟ್ಟಲು ತಂದಿಟ್ಟರು. ಒಂದರಲ್ಲಿ ಇಪ್ಪತ್ತೈದು ಅಡಿಕೆ. ಒಂದು ತಟ್ಟೆ ಇಟ್ಟರೆ ಒಂದು ಅಡಿಕೆ ಆಚೆ ಬಟ್ಟಲಿಗೆ. ಬಟ್ಟಲು ಖಾಲಿಯಾಯಿತೋ, ಕಟ್ಟು. ಅಷ್ಟೇ. ಎಣಿಕೆ ಬಾರದ ಹುಡುಗ ತಪ್ಪಿಲ್ಲದೆ ಎಣಿಸತೊಡಗಿದ.

ಎರಡನೇ ತಿಂಗಳು ಮಂಗಳೂರಿನ ಗಿರಾಕಿಯಿಂದ ದೂರು ಬಂತು. ಕೆಲವು ಕಟ್ಟಿನಲ್ಲಿ ಇಪ್ಪತ್ತನಾಲ್ಕೇ ಇದೆ ಅಂತ. ಎಲ್ಲರೂ ಹುಡುಗನ ಮುಖ ನೋಡಿದರು. ನನ್ನ ಎದೆಯೂ ಧಸಕ್ಕೆಂದಿತು. ಕೊನೆಗೆ ಗೊತ್ತಾದದ್ದೇನು? ಮಾಲಕರ ಅಪ್ಪ, ಎಂಬತ್ತು ದಾಟಿದವರು, ಮಧ್ಯಾಹ್ನ ಊಟ ಮಾಡಿ ಅಲ್ಲಿ ಅಡ್ಡಾಡುವಾಗ ಬಟ್ಟಲಿನಿಂದ ಒಂದು ಅಡಿಕೆ ತೆಗೆದು ವೀಳ್ಯ ಹಾಕುತ್ತಿದ್ದರು! ಆಮೇಲೆ ಆ ಅಡಿಕೆಗಳಿಗೆ ಕೆಂಪು ಪೈಂಟ್ ಬಳಿದರು. ಈಗ ಅಲ್ಲಿ ಉಳಿದವರೂ ಬಟ್ಟಲಿನ ಲೆಕ್ಕದಲ್ಲೇ ಕಟ್ಟುತ್ತಾರೆ. ಮಾತಾಡುತ್ತಾ ಕೆಲಸ ಮಾಡಬಹುದಂತೆ, ಲೆಕ್ಕ ತಪ್ಪುವುದಿಲ್ಲವಂತೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ ‘ಸೂಕ್ತ ಹೊಂದಾಣಿಕೆ’ ಅಂದರೆ ಈ ಬಟ್ಟಲು. ಕೇಳಲು ದೊಡ್ಡ ಮಾತು, ಖರ್ಚು ಎರಡು ಬಟ್ಟಲು. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಈಗ 21. ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲು. ಖಾಸಗಿಯವರಿಗೆ ಕಡ್ಡಾಯ ಇಲ್ಲ, ಆದರೆ ಕೆಲಸಗಾರರಲ್ಲಿ ಕನಿಷ್ಠ ಶೇ. 5 ವಿಕಲಚೇತನರಾಗುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತಿದೆ. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಹೇಗೂ ಕಡ್ಡಾಯ. ಆ ಲೆಕ್ಕದಲ್ಲಿ ನಮ್ಮ ಹುಡುಗರನ್ನೂ ಸೇರಿಸಿ ಅಂತ ನಾನು ಕೇಳುವುದು. ಮೂವತ್ತು ಜನ ಇರುವ ಅಂಗಡಿ ನಮ್ಮ ಪೇಟೆಯಲ್ಲಿ ಎಷ್ಟಿದೆ ಅಂತ ನೀವು ನಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ತೂಕ ಇದೆ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲುವುದು 2000ದವರೆಗೂ ನಡೆಯಿತು. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ನಮ್ಮ ಬದಿಯಡ್ಕ ಎಲ್ಲ ಎಂಡೋಸಲ್ಫಾನ್ ಪೀಡಿತ ಅಂತ ಪಟ್ಟಿಯಲ್ಲಿರುವ ಪಂಚಾಯತುಗಳೇ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಆ ವರ್ಷಗಳ ಫೋಟೋಗಳಲ್ಲಿ ಕಂಡ ಸಂತ್ರಸ್ತ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಈಗ ಇಪ್ಪತ್ತೈದು, ಮೂವತ್ತು. ಎಲ್ಲರೂ ಕೆಲಸ ಮಾಡಬಲ್ಲರು ಅಂತ ನಾನು ಹೇಳುವುದಿಲ್ಲ. ಹಾಸಿಗೆಯಿಂದ ಏಳಲಾಗದವರ ಮನೆಗೆ ಹೋಗಿ ಕೆಲಸದ ಮಾತಾಡಿದರೆ ಅದು ಕ್ರೂರತನ. ಆದರೆ ಮಾಡಬಲ್ಲವರೂ ಪಂಚಾಯತಿನ ವಿಶೇಷ ಶಾಲೆಯಾದ ಬಡ್ಸ್ ಶಾಲೆ ಮುಗಿಸಿ ಜಗಲಿಯಲ್ಲಿ ಕೂತಿದ್ದಾರೆ. ಪರಿಹಾರದ ಹಣ ಬ್ಯಾಂಕಿನಲ್ಲಿ ಉಂಟು ಅಂತ ಬೆಳಿಗ್ಗೆ ಎದ್ದು ಹೊರಡಲು ಒಂದು ಜಾಗ ಸಿಕ್ಕಿದ ಹಾಗಾಯಿತಾ?

ಭಾಷೆಯ ಪಜೀತಿ ಬೇರೆ. ನಮ್ಮ ಹುಡುಗ ಮನೆಯಲ್ಲಿ ತುಳು ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಕಲಿತ. ತರಬೇತಿ ಶಿಬಿರ ಮಲಯಾಳದಲ್ಲಿ. ಅವನು ತಲೆಯಾಡಿಸುತ್ತಾನೆ, ಅಧ್ಯಾಪಕರು ಅರ್ಥವಾಯಿತು ಅಂದುಕೊಳ್ಳುತ್ತಾರೆ. ಆಮೇಲೆ ವರದಿಯಲ್ಲಿ ‘ಗ್ರಹಿಕೆ ಕಮ್ಮಿ’ ಅಂತ ಬರೆದಾಗುತ್ತದೆ. ಗ್ರಹಿಕೆ ಯಾರದ್ದು ಕಮ್ಮಿ? ಹಾಳೆ ತಟ್ಟೆಯ ಘಟಕದಲ್ಲಿ ಈ ತೊಂದರೆ ಬರಲೇ ಇಲ್ಲ. ಪಕ್ಕದಲ್ಲಿ ಕೂತು ತೊಳೆಯುವ ಅಕ್ಕ ತುಳುವಲ್ಲೇ ಗದರಿಸುತ್ತಿದ್ದರು, ತುಳುವಲ್ಲೇ ಹೊಗಳುತ್ತಿದ್ದರು. ಕೆಲಸದ ಜಾಗದಲ್ಲಿ ಕಲಿಸುವುದರ ಲಾಭ ನಮ್ಮಂಥ ಗಡಿನಾಡಿನಲ್ಲಿ ದುಪ್ಪಟ್ಟು.

ಇಷ್ಟು ಕೇಳಿ ನಾಳೆಯೇ ಹುಡುಗನನ್ನು ಕಳಿಸಿ ಅನ್ನುವವರಿಗೆ ಒಂದು ಕಹಿ ಮಾತು. ಒಂದು ಕಡೆ ನಮ್ಮ ಹುಡುಗಿಯನ್ನು ‘ಟ್ರೈನಿಂಗ್’ ಅಂತ ಹದಿನಾಲ್ಕು ತಿಂಗಳು ಇಟ್ಟುಕೊಂಡರು. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ, ಕೈಗೆ ಬಸ್ಸಿನ ಚಾರ್ಜು ಮಾತ್ರ. ಕೇಳಿದರೆ, ‘ಅವಳಿಗೆ ಹೊತ್ತು ಹೋಗುತ್ತದಲ್ವಾ ಟೀಚರೇ’ ಅಂದರು. ಹೊತ್ತು ಹೋಗಲು ಯಕ್ಷಗಾನ ಉಂಟು. ಅಂದಿನಿಂದ ನಾನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆಸುತ್ತೇನೆ: ತರಬೇತಿ ಮುಗಿಯುವ ತಾರೀಕು, ಆಮೇಲೆ ಎಷ್ಟು ಸಂಬಳ, ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಯಾರು ಹೇಳಬೇಕು. ಸ್ನೇಹ ಇದ್ದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಬರೆಸಬೇಕು.

ಹಿಂದಿನ ಸಾಲಿನವರ ಹೆದರಿಕೆ ನನಗೆ ಗೊತ್ತು. ಕೆಲಸಕ್ಕೆ ಸೇರಿದರೆ ವಿಕಲಚೇತನರ ಪಿಂಚಣಿ ಹೋಗುತ್ತದಾ? ಕೇರಳದ ಸಾಮಾಜಿಕ ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1 ಲಕ್ಷ. ತಿಂಗಳಿಗೆ 9,000 ದುಡಿದರೆ ವರ್ಷಕ್ಕೆ 1,08,000. ಮಿತಿ ದಾಟಿತು. ಮೂರು ತಿಂಗಳಲ್ಲಿ ಕೆಲಸ ಬಿಟ್ಟರೆ ಎರಡೂ ಇಲ್ಲ. ಆ ತಾಯಂದಿರ ಅನುಮಾನ ದಡ್ಡತನ ಅಲ್ಲ, ಸರಿಯಾದ ಲೆಕ್ಕ. ಈ ನಿಯಮ ಬದಲಾಗಬೇಕು. ವೇದಿಕೆ ಮೇಲಿರುವ ಪಂಚಾಯತ್ ಸದಸ್ಯರು ದಯಮಾಡಿ ಕೇಳಿಸಿಕೊಳ್ಳಿ.

ಈಗ ಆ ಮೂವತ್ತು ಜನದ ಪ್ರಶ್ನೆ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಇದೆ, ಸಿನ್ಸಿನಾಟಿಯ ಪಾಠಕ್ಕೆ ಒಳ್ಳೇ ಜಾಗ ಅದು. ಆದರೆ ಅಲ್ಲಿವರೆಗೆ ಕಾಯುವುದು ಯಾಕೆ? ಒಂದೇ ಬಸ್ ರೂಟಿನ ಮೂರು ಅಂಗಡಿ ಸೇರಿದರೆ ಮೂರು ವಿಭಾಗ ಆಯಿತಲ್ಲ. ಒಂದು ಅಡಿಕೆ ಮಂಡಿ: ಪಟೋರ, ಕರಿಗೋಟು ಅನ್ನುವ ಕಡಿಮೆ ದರ್ಜೆಯ ಅಡಿಕೆ ಬೇರೆ ಬೇರೆ ಮಾಡುವ ಕೆಲಸ. ಒಂದು ಬೇಕರಿ: ಪ್ಯಾಕ್ ಮಾಡಿ ಚೀಟಿ ಅಂಟಿಸುವುದು. ಒಂದು ಹಾಳೆ ತಟ್ಟೆ ಘಟಕ. ಒಂದೊಂದು ಕಡೆ ಹತ್ತು ವಾರ. ತರಗತಿಗೆ ಈ ಗ್ರಂಥಾಲಯದ ಹಿಂದಿನ ಕೋಣೆ ಸಾಕು, ಮಧ್ಯಾಹ್ನದವರೆಗೆ ಅಲ್ಲಿ ಹೇಗೂ ಯಾರೂ ಇರುವುದಿಲ್ಲ. ಕೋಚ್ ಕೆಲಸಕ್ಕೆ ಮೊದಲ ವರ್ಷ ನಾನೇ ಬರುತ್ತೇನೆ, ಮಂಡಿ ನೋವು ತಡೆದಷ್ಟು ದಿನ.

ಚಹಾ ಕೊಡುವ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ನಿಮ್ಮಲ್ಲಿ ದಿನಾ ತಡೆಯುವ, ಯಾರಿಗೂ ಮಾಡಲು ಮನಸ್ಸಿಲ್ಲದ ಒಂದು ಕೆಲಸದ ಹೆಸರು ಬರೆಯಿರಿ. ‘ಯಾರನ್ನಾದರೂ ತೆಗೆದುಕೊಳ್ಳುತ್ತೇನೆ’ ಅಂತ ಬರೆಯಬೇಡಿ, ಕೆಲಸದ ಹೆಸರು ಮಾತ್ರ. ಸೋಮವಾರದಿಂದ ಒಬ್ಬೊಬ್ಬರ ಅಂಗಡಿಗೆ ಬಂದು ಮೂರು ದಿನ ಮೂಲೆಯಲ್ಲಿ ಕೂರುತ್ತೇನೆ. ಒಂದು ಸ್ಟೂಲ್ ಕೊಟ್ಟರೆ ಸಾಕು.